ನುಣುಪು ದಾರ, ಮೆತ್ತಗಿನ ಬಾಬಿನ್: ಲಾಂಗ್‌ಆರ್ಮ್ ಹೊಲಿಗೆ ಕೆಟ್ಟರೆ ಮೊದಲು ಎಲ್ಲಿ ಹುಡುಕಬೇಕು

ಲಾಂಗ್‌ಆರ್ಮ್ ಯಂತ್ರದಲ್ಲಿ ಹೊಲಿಯುವವರಿಗೆ ಕ್ವಿಲ್ಟ್‌ನ, ಅಂದರೆ ಕೌದಿಯಂಥ ಹೊದಿಕೆಯ, ಬೆನ್ನು ಕಾಣುವುದಿಲ್ಲ. ಮೇಲ್ಬಟ್ಟೆ, ನಡುವಿನ ಹತ್ತಿ ಹಾಸು, ಅಡಿಬಟ್ಟೆ ಮೂರನ್ನೂ ಫ್ರೇಮಿಗೆ ಬಿಗಿದು, ಬಟ್ಟೆಯನ್ನು ಅಲ್ಲೇ ನಿಲ್ಲಿಸಿ ಯಂತ್ರವನ್ನು ಓಡಿಸುವ ಕೆಲಸ ಇದು. ಮೇಲೆ ಹೂಬಳ್ಳಿ ಅಚ್ಚುಕಟ್ಟಾಗಿ ಮೂಡುತ್ತಿರುತ್ತದೆ. ಕೆಳಗೇನಾಗಿದೆ ಎಂದು ತಿಳಿಯುವುದು ಬಗ್ಗಿ ನೋಡಿದಾಗ, ಇಲ್ಲವೇ ಫ್ರೇಮ್‌ನಿಂದ ಇಳಿಸಿದಾಗ. ಮಿನ್ನೆಸೋಟಾದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಜನವರಿ ರಾತ್ರಿ ನಾನು ಹಾಗೆ ಬಗ್ಗಿ ನೋಡಿದೆ. ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆಂದು ತುಂಡು ತುಂಡು ಜೋಡಿಸಿ ನನ್ನ ಕೈಗೆ ಒಪ್ಪಿಸಿದ್ದ ಕ್ವಿಲ್ಟ್ ಅದು. ಬೆನ್ನಲ್ಲಿ ಗೇಣುದ್ದ ಒಳ್ಳೆಯ ಹೊಲಿಗೆ, ಆಮೇಲೆ ನಾಲ್ಕು ಬೆರಳು ಉದ್ದಕ್ಕೆ ಬರೀ ಕುಣಿಕೆ, ಮತ್ತೆ ಗೇಣುದ್ದ ಸರಿ, ಮತ್ತೆ ಕುಣಿಕೆ. ಎರಡು ತಾಸು ಮೇಲ್ದಾರದ ಬಿಗಿ ಹೊಂದಿಸುವ ಟೆನ್ಶನ್ ತಿರುಗಿಸಿದೆ, ಕೆಳದಾರ ಸುತ್ತಿದ ಬಾಬಿನ್ ಕೂರುವ ಕೇಸಿನ ಸ್ಕ್ರೂ ತಿರುಗಿಸಿದೆ, ಸೂಜಿ ಬದಲಿಸಿದೆ. ಏನೂ ಸರಿಹೋಗಲಿಲ್ಲ.

ಹುಬ್ಬಳ್ಳಿಯಲ್ಲಿ ಆಗ ಬೆಳಗು. ಅಲ್ಲಿ ಎಂಬ್ರಾಯ್ಡರಿ ಮಷೀನ್ ಇಟ್ಟುಕೊಂಡು ದುಡಿಯುವ ನಮ್ಮ ವೈನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: "ಅಲ್ಲವಾ, ಬಾಬಿನ್ ಒತ್ತಿ ನೋಡೀಯೇನು?" ಕೇಸಿನಿಂದ ತೆಗೆದು ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ದಾರದೊಳಗೆ ಇಳಿಯಿತು. "ಅದು ಹಿಂಗ ಮೆತ್ತಗಿದ್ರ ಮಷೀನರೆ ಏನ್ ಮಾಡೀತು? ಬಿಚ್ಚು, ಮತ್ತ ಸುತ್ತು" ಅಂದರು.

ಆ ರಾತ್ರಿಯಿಂದ ನನ್ನ ಕ್ರಮ ಬದಲಾಯಿತು. ಹೊಳಪಿನ ಪಾಲಿಯೆಸ್ಟರ್‌ನಂಥ ನುಣುಪು ದಾರವನ್ನು ಬಾಬಿನ್‌ಗೆ ತಪ್ಪಾಗಿ ಸುತ್ತಿದರೆ ಬರುವ ದೋಷ, ಟೆನ್ಶನ್ ಕೆಟ್ಟಾಗ ಬರುವ ದೋಷದಂತೆಯೇ ಕಾಣುತ್ತದೆ. ಅದಕ್ಕೇ ಜನ ಮೊದಲು ಸ್ಕ್ರೂಗೆ ಕೈ ಹಾಕುತ್ತಾರೆ, ಸರಿಯಿದ್ದ ಟೆನ್ಶನ್ನನ್ನೂ ಕೆಡಿಸಿಕೊಳ್ಳುತ್ತಾರೆ, ಆಮೇಲೆ ಒಂದರ ಬದಲು ಎರಡು ದೋಷ ಹುಡುಕಬೇಕಾಗುತ್ತದೆ. ಸ್ಕ್ರೂ ಮುಟ್ಟುವ ಮೊದಲು ಬಾಬಿನ್ ಮುಟ್ಟಿ.

ದೋಷ ಬಾಬಿನ್‌ದೋ, ಟೆನ್ಶನ್‌ದೋ

ಮೊದಲು ದೋಷ ಹೇಗೆ ಹರಡಿದೆ ಎಂದು ನೋಡಬೇಕು. ಬೆನ್ನಲ್ಲಿ ಮೇಲ್ದಾರದ ಕುಣಿಕೆ ಎದ್ದಿದ್ದರೆ ಮೇಲಿನದು ಸಡಿಲ ಅಥವಾ ಕೆಳಗಿನದು ಬಿಗಿ. ಮೇಲ್ಗಡೆ ಕೆಳದಾರದ ಚುಕ್ಕೆ ಕಂಡರೆ ಅದರ ತಿರುಗುಮುರುಗು. ಇಷ್ಟು ಎಲ್ಲ ದರ್ಜಿಗಳಿಗೂ ಗೊತ್ತು. ನಾವು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು: ದೋಷ ಉದ್ದಕ್ಕೂ ಒಂದೇ ಸಮ ಇದೆಯೋ, ಬಂದು ಹೋಗುತ್ತಿದೆಯೋ? ಒಂದೇ ಸಮ ಇದ್ದರೆ ಟೆನ್ಶನ್ ಕೂರಿಸಿದ್ದು ತಪ್ಪಾಗಿದೆ, ಸ್ಕ್ರೂ ತಿರುಗಿಸಿ. ತಿರುವುಗಳಲ್ಲಿ ಮಾತ್ರ, ರೆಪ್ಪೆಗೂದಲಿನ ಹಾಗೆ ಕುಣಿಕೆ ಎದ್ದರೆ ಯಂತ್ರವನ್ನು ತಿರುವಿನಲ್ಲಿ ಜೋರಾಗಿ ಎಳೆಯುತ್ತಿದ್ದೀರಿ, ಇಲ್ಲವೇ ಮೇಲಿನ ಟೆನ್ಶನ್ ಸಡಿಲವಿದೆ. ಆದರೆ ನೇರ ಗೆರೆಯಲ್ಲೂ ಗೇಣು ಸರಿ, ನಾಲ್ಕು ಬೆರಳು ತಪ್ಪು ಎಂದು ಬಂದು ಹೋಗುತ್ತಿದ್ದರೆ ಸ್ಕ್ರೂ ತಿರುಗಿಸಿ ಫಲವಿಲ್ಲ. ಸ್ಕ್ರೂ ಒಂದೇ ಕಡೆ ನಿಂತಿರುತ್ತದೆ, ಬದಲಾಗುತ್ತಿರುವುದು ದಾರ ಬಿಚ್ಚಿಕೊಳ್ಳುವ ರೀತಿ.

ಇದನ್ನು ಖಚಿತ ಮಾಡಿಕೊಳ್ಳಲು ಐದು ನಿಮಿಷ ಸಾಕು. ಚೆನ್ನಾಗಿ ಸುತ್ತಿದ ಒಂದು ಹತ್ತಿದಾರದ ಬಾಬಿನ್, ಅಥವಾ ಅಂಗಡಿಯಿಂದ ತಂದ ಸುತ್ತಿದ ಬಾಬಿನ್ ಒಂದನ್ನು ಯಾವಾಗಲೂ ಡಬ್ಬಿಯಲ್ಲಿ ಎತ್ತಿಡಿ. ಅನುಮಾನ ಬಂದಾಗ ಅದನ್ನು ಹಾಕಿ, ಕ್ವಿಲ್ಟ್‌ನ ಪಕ್ಕದಲ್ಲಿ ಹೊರಚಾಚಿದ ಅಡಿಬಟ್ಟೆ ಮತ್ತು ಹತ್ತಿಯ ಅಂಚಿನ ಮೇಲೆ ಎರಡು ಅಡಿ ಹೊಲಿಯಿರಿ. ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ಇದ್ದರೆ ಕಣ್ಣಿಗೆ ಬೇಗ ಬೀಳುತ್ತದೆ. ಬಂದುಹೋಗುವ ದೋಷ ನಿಂತುಹೋಯಿತೇ? ಹಾಗಾದರೆ ಯಂತ್ರಕ್ಕೆ ಏನೂ ಆಗಿಲ್ಲ. ದಾರದ ದಪ್ಪ ಬೇರೆಯಾದ್ದರಿಂದ ಹೊಲಿಗೆ ಸ್ವಲ್ಪ ಬಿಗಿಯಾಗಿಯೋ ಸಡಿಲವಾಗಿಯೋ ಕಾಣಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೋಡಬೇಕಾದ್ದು ಸಮ ಇದೆಯೇ ಇಲ್ಲವೇ ಎಂಬುದೊಂದನ್ನೇ.

ಬಾಬಿನ್‌ನ ಯಾವ ಭಾಗದಲ್ಲಿ ದೋಷ ಶುರುವಾಯಿತು ಎನ್ನುವುದೂ ಒಂದು ಸುಳಿವು. ಹೊಸ ಬಾಬಿನ್ ಹಾಕಿದ ಕೂಡಲೇ ಕೆಟ್ಟು, ಸ್ವಲ್ಪ ಹೊಲಿದ ಮೇಲೆ ಸರಿಯಾದರೆ ಅದನ್ನು ಮಿತಿಮೀರಿ ತುಂಬಿದ್ದೀರಿ, ದಾರ ಕೇಸಿನ ಗೋಡೆಗೆ ಉಜ್ಜುತ್ತಿದೆ. ಮುಗಿಯುವ ಹೊತ್ತಿಗೆ ಮಾತ್ರ ಕೆಟ್ಟರೆ ಬುಡದ ಸುತ್ತುಗಳು ಸಡಿಲ. ನಿಂತು ಮತ್ತೆ ಹೊರಟ ಪ್ರತಿ ಸಲವೂ ಕೆಟ್ಟರೆ ಸುತ್ತಿದ್ದರಲ್ಲಿ ತಪ್ಪಿಲ್ಲದೆಯೂ ಇರಬಹುದು. ಅದನ್ನು ಕೊನೆಗೆ ಹೇಳುತ್ತೇನೆ.

ಒತ್ತಿ ನೋಡುವುದು

ಧಾರವಾಡದವಳಾದ ನನಗೆ ಇದಕ್ಕೆ ಪೇರಲಹಣ್ಣಿನ ಲೆಕ್ಕವೇ ಸುಲಭ. ಹೊಳಪಿನ ಪಾಲಿಯೆಸ್ಟರ್ ದಾರದ ಬಾಬಿನ್ ದೋರಗಾಯಿ ಪೇರಲದಷ್ಟು ಗಟ್ಟಿಯಿರಬೇಕು: ಹೆಬ್ಬೆರಳಿಗೆ ಎದುರು ನಿಲ್ಲಬೇಕು, ಉಗುರು ಒತ್ತಿದರೆ ಕೂದಲೆಳೆಯಷ್ಟು ಬಗ್ಗಬೇಕು. ಕಳಿತ ಹಣ್ಣಿನ ಹಾಗೆ ಬೆರಳು ಇಳಿದರೆ ಸಡಿಲ. ಗೋಲಿಯಂತೆ ಕಲ್ಲಾಗಿದ್ದರೆ ಅದೂ ತಪ್ಪು.

ಸಡಿಲ ಬಾಬಿನ್ ಏಕೆ ಇಷ್ಟು ಕಾಡುತ್ತದೆ? ಹತ್ತಿದಾರದಲ್ಲೂ ಸ್ಪನ್ ಪಾಲಿಯೆಸ್ಟರ್‌ನಲ್ಲೂ ಇರುವುದು ಗಿಡ್ಡ ಎಳೆಗಳು. ಅವುಗಳ ತುದಿ ಹೊರಗೆ ಚಾಚಿ, ಕಣ್ಣಿಗೆ ಕಾಣದ ಜುಂಗು ಒಂದು ಸುತ್ತನ್ನು ಇನ್ನೊಂದಕ್ಕೆ ಹಿಡಿಸುತ್ತದೆ. ನಮ್ಮಜ್ಜಿ ಹಳೆಯ ಇಳಕಲ್ ಸೀರೆಗಳನ್ನು ಮಡಚಿ ಕೌದಿ ಹೊಲಿಯುತ್ತಿದ್ದುದು ಅಂಥ ಹತ್ತಿದಾರದಲ್ಲೇ. ಉಂಡೆ ಹೇಗೆ ಸುತ್ತಿಟ್ಟರೂ ಜಾರುತ್ತಿರಲಿಲ್ಲ. ಟ್ರೈಲೋಬಲ್ ಪಾಲಿಯೆಸ್ಟರ್‌ನಲ್ಲಿ ಎಳೆ ಕಡಿಯದೆ ಉದ್ದಕ್ಕೂ ಹರಿದಿರುತ್ತದೆ. ಅಡ್ಡಕೊಯ್ದರೆ ಮೂರು ಮೂಲೆ. ಆ ಮೂರು ಮುಖಗಳಿಂದಲೇ ಬೆಳಕು ಹೊಡೆದು ಹೊಳಪು ಬರುವುದು. ಗ್ಲೈಡ್‌ನಂಥ ದಾರ ಈ ಜಾತಿಯದು. ಬಾಟಮ್ ಲೈನ್ ಎಂಬ 60 ವೇಟ್‌ನ ತೆಳು ದಾರವೂ ಕಡಿಯದ ಎಳೆಯದೇ, ಧೂಳು ಬಿಡುವುದಿಲ್ಲ, ಬಾಬಿನ್‌ಗೆಂದೇ ನಾನು ಹೆಚ್ಚು ಬಳಸುವುದು ಅದನ್ನು. ಇವುಗಳಲ್ಲಿ ಹಿಡಿಯುವ ಜುಂಗಿಲ್ಲ. ಸಡಿಲವಾಗಿ ಸುತ್ತಿದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಇಳಿದು ಸಿಕ್ಕಿಕೊಳ್ಳುತ್ತದೆ. ಎಳೆದಾಗ ತಡೆಯುತ್ತದೆ, ಆಗ ಕೆಳದಾರ ಬಿಗಿಯಾಗಿ ಮೇಲ್ದಾರವನ್ನು ಬೆನ್ನಿಗೆ ಎಳೆದುಕೊಳ್ಳುತ್ತದೆ. ಸಿಕ್ಕು ಬಿಟ್ಟ ಕೂಡಲೇ ಹೊಲಿಗೆ ತಾನೇ ಸರಿಹೋಗುತ್ತದೆ. ಆ ಗೇಣು ಸರಿ, ನಾಲ್ಕು ಬೆರಳು ತಪ್ಪು ಬಂದದ್ದು ಹೀಗೆ.

ಮೆತ್ತಗಾಗಿದ್ದರೆ

ದಾರದ ದೊಡ್ಡ ಉರುಳೆಯಾದ ಕೋನ್‌ನಿಂದ, ಬಾಬಿನ್ ಸುತ್ತುವ ವೈಂಡರ್‌ನ ಸ್ಪಿಂಡಲ್‌ವರೆಗೆ, ಅಂದರೆ ಬಾಬಿನ್ ಕೂರುವ ಕಡ್ಡಿಯವರೆಗೆ, ದಾರದ ದಾರಿಯನ್ನು ಬೆರಳಿಟ್ಟುಕೊಂಡು ಹೋಗಿ.

ಬುಡದಲ್ಲಿ ಕೋನ್. ನುಣುಪು ದಾರ ಕೋನ್‌ನ ಮೈಮೇಲೆ ನಿಲ್ಲದೆ ಕೆಳಕ್ಕೆ ಜಾರಿ, ಬುಡದಲ್ಲಿ ಕುಪ್ಪೆಯಾಗಿ ಬಿದ್ದು, ಕೋನ್‌ನ ಅಡಿಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡಾಗ ಎಳೆತ ಹೆಚ್ಚು, ಬಿಟ್ಟಾಗ ಇಲ್ಲವೇ ಇಲ್ಲ. ಬಾಬಿನ್‌ನಲ್ಲಿ ಒಂದು ಪದರ ಬಿಗಿ, ಮೇಲಿನದು ಸಡಿಲ. ಕೋನ್‌ಗೆ ಬಲೆ ತೊಡಿಸಿ, ಬಲೆಯ ತುದಿಯನ್ನು ಒಂದು ಮಡಿಕೆ ಹಿಂದಕ್ಕೆ ಮಡಚಿ. ಬಲೆ ಬಿಗಿಯಾಗಿ ದಾರ ತಡೆದರೆ ಅದರ ಬದಲು ಕೋನ್‌ನ ಅಡಿಗೆ ಫೆಲ್ಟ್ ಅಥವಾ ತೆಳು ಫೋಮ್ ಬಿಲ್ಲೆ ಇಡಿ, ಜಾರಿದ ದಾರ ಅಡಿಗೆ ಹೋಗುವುದಿಲ್ಲ. ದಾರ ಮೊದಲು ಹಾಯುವ ಕಣ್ಣು ಕೋನ್‌ನ ನಟ್ಟನಡುವಿನ ಮೇಲೆ ನೇರವಾಗಿರಲಿ, ಕೋನ್‌ನ ಎತ್ತರದ ಸುಮಾರು ಎರಡೂವರೆ ಪಟ್ಟು ಮೇಲಿರಲಿ. ಪಕ್ಕಕ್ಕೆ ವಾಲಿದ್ದರೆ ಪ್ರತಿ ಸುತ್ತಿಗೊಮ್ಮೆ ದಾರ ಜಗ್ಗುತ್ತದೆ.

ಆಮೇಲೆ ವೈಂಡರ್‌ನ ಟೆನ್ಶನ್ ತಟ್ಟೆಗಳು. ಸಡಿಲ ಬಾಬಿನ್‌ಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ ಎಂದು ನನ್ನ ಅನುಭವ. ಹತ್ತಿದಾರ ತಟ್ಟೆಗಳ ನಡುವೆ ತಾನಾಗಿ ಕೂರುತ್ತದೆ. ನುಣುಪು ದಾರ ತಟ್ಟೆಗಳ ಅಂಚಿನ ಮೇಲೆ ತೇಲುತ್ತಿದ್ದರೂ ಸುತ್ತುವಿಕೆ ನಡೆಯುತ್ತಲೇ ಇರುತ್ತದೆ, ನೋಡುವವರಿಗೆ ತಿಳಿಯುವುದಿಲ್ಲ. ದಾರವನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿನ ಸಂದಿಗೆ ದಾರ ಎಳೆದ ಹಾಗೆ ಹಿಂದೆ ಮುಂದೆ ಎಳೆದು ಒಳಗೆ ಕೂರಿಸಿ. ಕೂತಾಗ ಕೈಗೆ ತಡೆ ತಿಳಿಯುತ್ತದೆ. ತಡೆ ತಿಳಿಯದಿದ್ದರೆ ತಟ್ಟೆಗಳ ನಡುವೆ ಹಳೆಯ ಹತ್ತಿದಾರದ ಧೂಳು ಗಟ್ಟಿಯಾಗಿ ಕೂತು ಅವನ್ನು ಅಗಲಿಸಿರಬಹುದು. ತೆಳು ಬಟ್ಟೆಯ ಚೂರೊಂದನ್ನು ನಡುವೆ ಎಳೆದು ತೆಗೆಯಿರಿ. ಅದಾದ ಮೇಲೂ ಬಾಬಿನ್ ಮೆತ್ತಗೆ ಬಂದರೆ ತಟ್ಟೆಗಳಿಗೆ ದಾರವನ್ನು ಇನ್ನೊಂದು ಸುತ್ತು ಹಾಕಿ, ಅಥವಾ ವೈಂಡರ್‌ನ ಟೆನ್ಶನ್ ಕಾಲು ತಿರುವು ಬಿಗಿ ಮಾಡಿ. ವೈಂಡರ್‌ಗೆ ಮೂರು ತೂತಿನ ಪಟ್ಟಿ ಇದ್ದರೆ ಹತ್ತಿದಾರಕ್ಕೆ ಒಂದೇ ತೂತು ಸಾಕಾಗುತ್ತಿತ್ತು ಅಂತ ಅಷ್ಟಕ್ಕೇ ಬಿಡಬೇಡಿ, ಮೂರರಲ್ಲೂ ಹಾಯಿಸಿ.

ಬೆರಳಲ್ಲಿ ದಾರ ಹಿಡಿದು ಬಿಗಿ ಕೊಡುವವರಿದ್ದಾರೆ. ಬೇಡ. ಬೆರಳಿನ ಒತ್ತಡ ಒಂದೇ ಸಮ ಇರುವುದಿಲ್ಲ, ಜೊತೆಗೆ ವೇಗವಾಗಿ ಓಡುವ ಪಾಲಿಯೆಸ್ಟರ್ ಬೆರಳು ಕೊಯ್ಯುತ್ತದೆ.

ಕೊನೆಗೆ ಬಾಬಿನ್‌ನ ಬುಡ. ನುಣುಪು ದಾರ, ನುಣುಪು ಲೋಹ: ಸ್ಪಿಂಡಲ್ ತಿರುಗುತ್ತಿದ್ದರೂ ದಾರ ಬುಡವನ್ನು ಹಿಡಿಯದೆ ಜಾರುತ್ತಿರುತ್ತದೆ, ಇಲ್ಲವೇ ಮೊದಲ ಇಪ್ಪತ್ತು ಮೂವತ್ತು ಸುತ್ತು ಸಡಿಲವಾಗಿ ಬಿದ್ದು ಅದರ ಮೇಲೆ ಉಳಿದದ್ದು ಗಟ್ಟಿಯಾಗಿ ಕೂರುತ್ತದೆ. ಹೊರಗಿನಿಂದ ಒತ್ತಿದರೆ ಇದು ಗೊತ್ತಾಗುವುದಿಲ್ಲ, ಬಾಬಿನ್ ಮುಗಿಯುವಾಗ ಮಾತ್ರ ಹೊರಬೀಳುತ್ತದೆ. ದಾರದ ತುದಿಯನ್ನು ಬಾಬಿನ್‌ನ ಒಳಗಿನಿಂದ ಪಕ್ಕದ ಬಿಲ್ಲೆಯ ತೂತಿನ ಮೂಲಕ ಹೊರಕ್ಕೆ ಎಳೆದು, ವೈಂಡರ್ ಸುತ್ತುವ ದಿಕ್ಕಿನಲ್ಲೇ ಕೈಯಿಂದ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ, ಒಂದರ ಪಕ್ಕ ಒಂದು ಬರುವ ಹಾಗೆ ಸುತ್ತಿ. ತುದಿಯನ್ನು ಹಿಡಿದುಕೊಂಡೇ ವೈಂಡರನ್ನು ನಿಧಾನಕ್ಕೆ ಶುರು ಮಾಡಿ. ಬುಡ ಮುಚ್ಚಿದ ಮೇಲೆ ನಿಲ್ಲಿಸಿ ತುದಿಯನ್ನು ಬಿಲ್ಲೆಗೆ ಸಮನಾಗಿ ಕತ್ತರಿಸಿ. ಕತ್ತರಿಸದೆ ಬಿಟ್ಟರೆ ಆ ತುಂಡು ಕೇಸಿನೊಳಗೆ ಸೇರಿ ಹೊಸ ತಲೆನೋವು. ಹಳೆಯ ದಾರ ಸ್ವಲ್ಪ ಉಳಿದಿದೆ ಎಂದು ಅದರ ಮೇಲೆಯೇ ಹೊಸದು ಸುತ್ತುವ ಅಭ್ಯಾಸ ಹತ್ತಿದಾರದಲ್ಲಿ ಹೇಗೋ ನಡೆಯುತ್ತದೆ. ಇದರಲ್ಲಿ ನಡೆಯುವುದಿಲ್ಲ. ಖಾಲಿ ಮಾಡಿಯೇ ಸುತ್ತಿ.

ವೈಂಡರ್ ನಿಂತು ನಿಂತು ಓಡುತ್ತಿದ್ದರೆ ಅದರ ಚಕ್ರದ ರಬ್ಬರ್ ಉಂಗುರ ಸವೆದಿದೆಯೇ, ಬಾಬಿನ್ ಸ್ಪಿಂಡಲ್‌ನ ಮೇಲೆ ಪೂರ್ತಿ ಕೂತಿದೆಯೇ ನೋಡಿ.

ಸುತ್ತು ಒಂದು ಕಡೆ ಏರಿದ್ದರೆ

ಬಾಬಿನ್ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳ್ಳಗೆ ಬಂದರೆ ತಟ್ಟೆಗಳ ಎತ್ತರ ಬಾಬಿನ್‌ನ ನಡುಭಾಗಕ್ಕೆ ಸರಿಯಾಗಿಲ್ಲ. ಕೆಳಗೆ ದಪ್ಪವಾದರೆ ತಟ್ಟೆಯನ್ನು ಕೊಂಚ ಏರಿಸಿ, ಮೇಲೆ ದಪ್ಪವಾದರೆ ಇಳಿಸಿ. ಹತ್ತಿದಾರದಲ್ಲಿ ಈ ಇಳಿಜಾರು ಹಾಗೇ ನಿಂತಿರುತ್ತದೆ. ನುಣುಪು ದಾರದಲ್ಲಿ ದಿಬ್ಬದ ಮೇಲಿನ ಸುತ್ತುಗಳು ತಗ್ಗಿನ ಕಡೆಗೆ ಕುಸಿಯುತ್ತವೆ, ಬಿಗಿಯಾಗಿ ಸುತ್ತಿದ್ದರೂ ಸಿಕ್ಕಾಗುತ್ತದೆ.

ಕಲ್ಲಿನಂತಾಗಿದ್ದರೆ

ಸಡಿಲ ಬಾಬಿನ್‌ನಿಂದ ನೊಂದವರು ಮುಂದಿನ ಸಲ ಟೆನ್ಶನ್ನನ್ನು ಕೈಲಾದಷ್ಟೂ ಬಿಗಿ ಮಾಡುತ್ತಾರೆ. ನಾನೂ ಮಾಡಿದ್ದೆ. ಪಾಲಿಯೆಸ್ಟರ್ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಕುಗ್ಗಲು ನೋಡುತ್ತದೆ. ಬಾಬಿನ್ ಮೇಲಿನ ಪ್ರತಿ ಸುತ್ತೂ ಹೀಗೆ ಒಳಕ್ಕೆ ಹಿಂಡುತ್ತದೆ, ಪಕ್ಕದ ಬಿಲ್ಲೆಗಳನ್ನು ಹೊರಕ್ಕೆ ತಳ್ಳುತ್ತದೆ. ಪ್ಲಾಸ್ಟಿಕ್ ಬಾಬಿನ್ ಆದರೆ ಬಿಲ್ಲೆ ಉಬ್ಬಿ ಕೇಸಿನಲ್ಲಿ ತಿರುಗದೆ ಕಚ್ಚಿಕೊಳ್ಳುತ್ತದೆ, ಒಡೆದದ್ದೂ ಉಂಟು. ಲೋಹದ್ದು ಒಡೆಯುವುದಿಲ್ಲ. ಆದರೆ ಹಿಗ್ಗಿದ ದಾರ ಹಾಗೆಯೇ ಹೊಲಿಗೆಯೊಳಗೆ ಹೋಗಿ, ಅಲ್ಲಿ ಕುಗ್ಗುತ್ತದೆ. ಫ್ರೇಮ್ ಮೇಲೆ ಇಸ್ತ್ರಿ ಹಾಕಿದಂತಿದ್ದ ಕ್ವಿಲ್ಟ್ ಇಳಿಸಿದ ಮೇಲೆ ಸುಕ್ಕುಸುಕ್ಕಾಗುತ್ತದೆ. ಹೊಲಿಗೆ ನೋಡಿದರೆ ಎಲ್ಲಿಯೂ ತಪ್ಪಿರುವುದಿಲ್ಲ, ಆದ್ದರಿಂದ ಇದರ ಕಾರಣ ಹುಡುಕುವುದು ಬಹಳ ಕಷ್ಟ.

ಅನುಮಾನ ಬಂದರೆ ಬಾಬಿನ್‌ನಿಂದ ಒಂದು ಮೀಟರ್‌ನಷ್ಟು ದಾರವನ್ನು ನಿಧಾನಕ್ಕೆ ಬಿಚ್ಚಿ ಮೇಜಿನ ಮೇಲೆ ಅಡ್ಡಾದಿಡ್ಡಿ ಬಿಡಿ. ಕೋನ್‌ನಿಂದಲೂ ಅಷ್ಟೇ ಬಿಚ್ಚಿ ಪಕ್ಕದಲ್ಲಿ ಬಿಡಿ. ಬಾಬಿನ್‌ನ ದಾರ ಸ್ಪ್ರಿಂಗಿನಂತೆ ಸುರುಳಿ ಕಟ್ಟಿ, ಕೋನ್‌ನದು ಸುಮ್ಮನೆ ಬಿದ್ದುಕೊಂಡರೆ ಸುತ್ತಿದ್ದು ಅತಿ ಬಿಗಿಯಾಯಿತು. ಟೆನ್ಶನ್ ಇಳಿಸಿ, ವೇಗವನ್ನೂ ಇಳಿಸಿ. ವೈಂಡರ್ ಎಷ್ಟು ವೇಗ ಓಡುತ್ತದೋ ತಟ್ಟೆಗಳಲ್ಲಿ ಎಳೆತವೂ ಬಿಸಿಯೂ ಅಷ್ಟು ಹೆಚ್ಚು. ನಾನು ನುಣುಪು ದಾರವನ್ನು ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಸುತ್ತುವುದೇ ಇಲ್ಲ.

ಕಾಣದ ದಾರಕ್ಕೆ ಉಲ್ಟಾ ಮದ್ದು

ಇಲ್ಲಿ ಎಲ್ಲರೂ ಎಡವುತ್ತಾರೆ. ಮಾನೊಫಿಲಮೆಂಟ್, ಅಂದರೆ ಮೀನಿನ ಗಾಳದ ದಾರದಂಥ ಪಾರದರ್ಶಕ ಒಂಟಿ ಎಳೆ, ಟ್ರೈಲೋಬಲ್‌ಗಿಂತಲೂ ಹೆಚ್ಚು ಜಾರುತ್ತದೆ. ಜಾರುವ ದಾರಕ್ಕೆ ಬಿಗಿ ಹೆಚ್ಚಿಸಬೇಕು ಎಂದು ಈಗಷ್ಟೇ ಓದಿದವರು ಇದಕ್ಕೂ ಹಾಗೇ ಮಾಡಿದರೆ ಕೆಡುತ್ತದೆ. ಒಂದು ಇಂಚಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು, ಅಂದರೆ ಸುಮಾರು 0.1 ಮಿ.ಮೀ. ದಪ್ಪದ ಎಳೆ ಇದು, ರಬ್ಬರಿನಂತೆ ಹಿಗ್ಗುತ್ತದೆ. ಟ್ರೈಲೋಬಲ್‌ಗೆ ಹಾಕಿದ ಬಿಗಿಯನ್ನು ಇದಕ್ಕೆ ಹಾಕಿದರೆ ಬಿಲ್ಲೆ ಉಬ್ಬುವುದು, ಕ್ವಿಲ್ಟ್ ಸುಕ್ಕಾಗುವುದು ಎರಡೂ ಖಂಡಿತ.

ಆದ್ದರಿಂದ ಲೋಹದ ಬಾಬಿನ್ ಮಾತ್ರ ತೆಗೆದುಕೊಳ್ಳಿ. ಕೈಯಿಂದ ಸುತ್ತುವ ಬುಡದ ಸುತ್ತು ಇನ್ನೂ ಹೆಚ್ಚಿರಲಿ, ಇಪ್ಪತ್ತಾದರೂ ಇರಲಿ, ಏಕೆಂದರೆ ಹಿಡಿತ ಬರಬೇಕಾದ್ದು ಅಲ್ಲಿಂದ, ತಟ್ಟೆಯ ಬಿಗಿಯಿಂದಲ್ಲ. ತಟ್ಟೆಗೆ ಹೆಚ್ಚುವರಿ ಸುತ್ತು ಹಾಕಬೇಡಿ, ವೈಂಡರ್‌ನ ಟೆನ್ಶನ್ ಆದಷ್ಟು ಇಳಿಸಿ. ಆಮೆಯ ವೇಗದಲ್ಲಿ ಸುತ್ತಿ, ಅರ್ಧ ತುಂಬಿದ ಕೂಡಲೇ ನಿಲ್ಲಿಸಿ. ಅರ್ಧ ಎಂದರೆ ಅರ್ಧ. ತುಂಬಿದಷ್ಟೂ ಒಳಸುತ್ತುಗಳ ಮೇಲಿನ ಹಿಂಡುವಿಕೆ ಕೂಡುತ್ತಲೇ ಹೋಗುತ್ತದೆ. ಪದೇ ಪದೇ ಬಾಬಿನ್ ಬದಲಿಸಬೇಕಾಗುತ್ತದೆ ನಿಜ, ಹೊಲಿಗೆ ಬಿಚ್ಚುವುದಕ್ಕಿಂತ ಅದು ಮೇಲು.

ಕೊಳ್ಳುವಾಗ ನೈಲಾನ್‌ನದೋ ಪಾಲಿಯೆಸ್ಟರ್‌ನದೋ ಎಂದು ಓದಿ ನೋಡಿ. ನೈಲಾನ್ ಹೆಚ್ಚು ಹಿಗ್ಗುತ್ತದೆ, ವರ್ಷಗಳು ಕಳೆದಂತೆ ಹಳದಿಯಾಗಿ ಪೆಡಸಾಗುತ್ತದೆ. ಮೊಮ್ಮಕ್ಕಳವರೆಗೆ ಉಳಿಯಬೇಕಾದ ಕ್ವಿಲ್ಟ್‌ಗೆ ನಾನು ಅದನ್ನು ಹಾಕುವುದಿಲ್ಲ.

ಚಳಿಗಾಲದಲ್ಲಿ ಮನೆ ಕಾಯಿಸುವ ನಾಡುಗಳಲ್ಲಿ ಇನ್ನೊಂದು ಕಾಟವುಂಟು. ಒಣಹವೆಗೆ ಈ ದಾರಗಳಲ್ಲಿ ಸ್ಥಾಯೀ ವಿದ್ಯುತ್ ಕೂಡಿಕೊಂಡು ಕೋನ್‌ಗೆ, ಕಂಬಕ್ಕೆ, ಕೈಗೆ ಅಂಟುತ್ತವೆ. ತಟ್ಟೆಗೆ ಹೋಗುವಷ್ಟರಲ್ಲಿ ಎಳೆತ ಏರುಪೇರು. ಬೇಸ್‌ಮೆಂಟಿನಲ್ಲಿ ಒಂದು ಹ್ಯುಮಿಡಿಫೈಯರ್ ಇಟ್ಟಮೇಲೆ ನಮ್ಮಲ್ಲಿ ಇದು ನಿಂತಿತು.

ಬಾಬಿನ್ ಸರಿ, ಹೊಲಿಗೆ ಇನ್ನೂ ತಪ್ಪು

ಈಗ ಕೇಸಿಗೆ ಬರೋಣ. ಬಾಬಿನ್ ಬಿಲ್ಲೆಯ ಅಂಚಿನ ಮೇಲೆ ಉಗುರು ಓಡಿಸಿ; ಚಿಕ್ಕ ಕಚ್ಚು ಸಿಕ್ಕರೂ ಆ ಬಾಬಿನ್ ಎಸೆಯಿರಿ. ಕೈಪಿಡಿಯಲ್ಲಿ ಹೇಳಿದ ದಿಕ್ಕಿನಲ್ಲೇ ಕೇಸಿಗೆ ಹಾಕಿದ್ದೀರಾ, ದಾರಕ್ಕೆ ಬಿಗಿ ಕೊಡುವ ಕೇಸಿನ ಪತ್ತಿಯ ಅಡಿಗೆ ದಾರ ನಿಜವಾಗಿಯೂ ಇಳಿದಿದೆಯಾ ನೋಡಿ.

ಆಮೇಲೆ ನಿಂತು ಹೊರಟಾಗ ಕೆಡುವ ದೋಷ. ಯಂತ್ರ ತಟ್ಟನೆ ನಿಂತರೂ ಕೇಸಿನೊಳಗೆ ಬಾಬಿನ್ ಓಟದ ರಭಸಕ್ಕೆ ಇನ್ನೂ ಎರಡು ಮೂರು ಸುತ್ತು ತಿರುಗಿ ಬೇಡದ ದಾರ ಬಿಡುತ್ತದೆ. ಹತ್ತಿದಾರವಾದರೆ ತನ್ನ ಜುಂಗಿನಿಂದಲೇ ತಡೆದುಕೊಳ್ಳುತ್ತಿತ್ತು. ನುಣುಪು ದಾರ ಬಿಚ್ಚಿಕೊಂಡು ಮತ್ತೆ ಹೊರಟಾಗ ಗೂಡು ಕಟ್ಟುತ್ತದೆ. ಬಾಬಿನ್ ದೊಡ್ಡದಾದಷ್ಟೂ ಭಾರವಾದಷ್ಟೂ ಇದು ಹೆಚ್ಚು. ಎಲ್ ಎಂಬ ಅಳತೆಯ ಬಾಬಿನ್‌ನ ವ್ಯಾಸ ಸುಮಾರು 20 ಮಿ.ಮೀ., ಎಂ ಅಳತೆಯದು ಸುಮಾರು 25. ಎಂ ಬಾಬಿನ್‌ನವರಿಗೆ ಈ ಕಷ್ಟ ಜಾಸ್ತಿ. ಉಕ್ಕಿನದಕ್ಕಿಂತ ಅಲ್ಯೂಮಿನಿಯಂ ಬಾಬಿನ್ ಹಗುರ, ಆದ್ದರಿಂದ ಉತ್ತಮ. ಇದನ್ನು ತಡೆಯಲೆಂದೇ ಕೇಸಿನ ತಳದಲ್ಲಿ ಒಂದು ತೆಳು ಸ್ಪ್ರಿಂಗ್ ಇರುತ್ತದೆ. ಅದು ಚಪ್ಪಟೆಯಾಗಿದ್ದರೆ, ಅದರ ಅಡಿಗೆ ಧೂಳು ಸೇರಿದ್ದರೆ, ಅಥವಾ ಸ್ವಚ್ಛ ಮಾಡುವಾಗ ಬಿದ್ದುಹೋಗಿದ್ದರೆ ಎಷ್ಟು ಚೆನ್ನಾಗಿ ಸುತ್ತಿದರೂ ಪ್ರಯೋಜನವಿಲ್ಲ. ಸ್ಪ್ರಿಂಗ್ ಬದಲು ತೆಳು ಟೆಫ್ಲಾನ್ ಬಿಲ್ಲೆ ಹಾಕುವವರಿದ್ದಾರೆ. ಹಾಕುವುದಾದರೆ ಒಂದನ್ನೇ ಹಾಕಿ, ಎರಡನ್ನೂ ಸೇರಿಸಿ ತುರುಕಬೇಡಿ. ಮ್ಯಾಗ್ನಾ-ಗ್ಲೈಡ್‌ನಂಥ ಸುತ್ತಿದ ಬಾಬಿನ್‌ಗಳ ನಡುಭಾಗದಲ್ಲಿ ಅಯಸ್ಕಾಂತ ಇರುತ್ತದೆ, ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ಬಾಬಿನ್ ಕೇಸಿನ ಸ್ಕ್ರೂ. ಕೇಸನ್ನು ಅಂಗೈಯಲ್ಲಿಟ್ಟು ದಾರ ಹಿಡಿದು ಎತ್ತಿ: ಕೇಸ್ ಎದ್ದು ನಿಲ್ಲಬೇಕು, ಕೈ ಅಲ್ಲಾಡಿಸಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಬಾಬಿನ್ ದಾರದ ಬಿಗಿ ಅಳೆಯುವ ಟೋವಾ ಗೇಜ್ ಇದ್ದವರು ಅದರಲ್ಲಿ ದಾರ ಎಳೆಯುವಾಗ ಅಂಕಿಗಿಂತ ಮುಳ್ಳಿನ ನಡಿಗೆ ನೋಡಿ. ನನ್ನ ಯಂತ್ರದಲ್ಲಿ 200ರ ಆಸುಪಾಸು ಇಡುತ್ತೇನೆ, ನಿಮ್ಮದರಲ್ಲಿ ಬೇರೆ ಇರಬಹುದು. ಒಳ್ಳೆಯ ಬಾಬಿನ್‌ನಲ್ಲಿ ಮುಳ್ಳು ಒಂದು ಜಾಗದಲ್ಲಿ ಸಣ್ಣಗೆ ನಡುಗುತ್ತದೆ. ಸಡಿಲ ಬಾಬಿನ್‌ನಲ್ಲಿ ಜಿಗಿದು ಜಿಗಿದು ಬೀಳುತ್ತದೆ. ಜಿಗಿದರೆ ಸ್ಕ್ರೂ ಬಿಟ್ಟು ವೈಂಡರ್‌ಗೆ ಹಿಂತಿರುಗಿ.

ಆ ರಾತ್ರಿ ಬಾಬಿನ್ ಬಿಚ್ಚಿ, ತಟ್ಟೆಗೆ ಎರಡು ಸುತ್ತು ಹಾಕಿ, ಮತ್ತೆ ಸುತ್ತಿದೆ. ತಿರುಗಿಸಿ ಕೆಡಿಸಿದ್ದ ಎರಡೂ ಟೆನ್ಶನ್‌ಗಳನ್ನು ಮೊದಲಿನ ಜಾಗಕ್ಕೆ ತರಲು ಇನ್ನೊಂದು ತಾಸು ಹಿಡಿಯಿತು. ಕುಣಿಕೆ ಬಿದ್ದ ಹನ್ನೊಂದು ಗೆರೆಗಳನ್ನು ಮೂರು ದಿನ ಕೂತು ಸೀಮ್ ರಿಪ್ಪರ್‌ನಲ್ಲಿ ಬಿಚ್ಚಿ ಹೊಲಿದೆ. ಈಗ ಹೊಸ ಕ್ವಿಲ್ಟ್ ಫ್ರೇಮ್‌ಗೆ ಏರಿಸುವ ಹಿಂದಿನ ಸಂಜೆಯೇ ಅದಕ್ಕೆ ಬೇಕಾದ ಬಾಬಿನ್‌ಗಳನ್ನೆಲ್ಲ ಒಟ್ಟಿಗೆ ಸುತ್ತಿ, ಒಂದೊಂದನ್ನೂ ಒತ್ತಿ ನೋಡಿ, ದಾರದ ಹೆಸರು ಬರೆದ ಚೀಟಿ ಅಂಟಿಸಿ, ತುದಿ ಬಿಚ್ಚಿಕೊಳ್ಳದಂತೆ ರಬ್ಬರ್ ಪಟ್ಟಿ ಹಾಕಿ ಡಬ್ಬಿಯಲ್ಲಿಡುತ್ತೇನೆ. ಮೆತ್ತಗೆ ಬಂದದ್ದು ಡಬ್ಬಿಗೆ ಹೋಗುವುದಿಲ್ಲ.